ಎರಡು ಸುತ್ತು ಜಾಯಿಕಾಯಿ

(ನಮ್ಮ ಊರಿನ ಹಿರಿಯರ ಕೂಟವೊಂದರಲ್ಲಿ ಸಂಜೆ ಹೊತ್ತು ಆಡಿದ ಮಾತುಗಳಿವು. ಬರೆಯುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ, ಸಭೆಯಿಂದ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂತೆಯ ವ್ಯಾಪಾರಿಯ ಹಾಗೆ ಮೇಜಿನ ಮೇಲೆ ಸಾಮಾನು ಹರಡಿಕೊಂಡು ನಿಂತಿದ್ದೇನೆ. ಒಂದು ಜಾಯಿಕಾಯಿ, ಅದನ್ನು ತೇಯುವುದಕ್ಕೆ ಅಮ್ಮನ ಕಾಲದ ಸಾಣೆಕಲ್ಲು, ಒಂದು ಹಿಡಿ ಗಸಗಸೆ, ಅಶ್ವಗಂಧದ ನಾಲ್ಕು ಬೇರು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದೆಲಗ. ಕೊನೆಯಲ್ಲಿರುವ ಈ ಬಣ್ಣದ ಡಬ್ಬಿ ಮಗಳು ಅಮೆರಿಕದಿಂದ ತಂದದ್ದು. ಒಳಗೆ ಮಕ್ಕಳ ಮಿಠಾಯಿಯಂತೆ ಕಾಣುವ ಮೆಲಟೋನಿನ್ ಗುಳಿಗೆಗಳಿವೆ. ಇವೆಲ್ಲವೂ ನಿದ್ದೆಯ ಹೆಸರಿನಲ್ಲಿ ಮಾರಾಟವಾಗುತ್ತವೆ, ಎಲ್ಲಕ್ಕೂ ‘ನೈಸರ್ಗಿಕ’ ಎಂಬ ಒಂದೇ ಚೀಟಿ ಅಂಟಿರುತ್ತದೆ. ಆ ಚೀಟಿಯ ಹಿಂದೆ ಏನಿದೆ ಎಂದು ನೋಡುವುದಷ್ಟೇ ಇವತ್ತಿನ ಕೆಲಸ. ನಾನು ವೈದ್ಯನಲ್ಲ. ಫಾರ್ಮಸಿ ಓದುವ ಮಕ್ಕಳಿಗೆ ಬೇರು, ತೊಗಟೆ, ಬೀಜಗಳನ್ನು ಗುರುತಿಸುವುದು ಹೇಗೆಂದು ಪಾಠ ಹೇಳಿ ನಿವೃತ್ತನಾದವನು. ಯಾರಿಗೂ ಔಷಧ ಬರೆದುಕೊಡುವುದಿಲ್ಲ, ದಯವಿಟ್ಟು ಚೀಟಿ ಹಿಡಿದು ಕಾಯಬೇಡಿ.

ಮೊದಲು ಜಾಯಿಕಾಯಿ. ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಇದು ಪರಿಚಿತ ಮರ. ಹಣ್ಣು ಮಾಗಿ ಬಿರಿದಾಗ ಒಳಗೆ ಕೆಂಪು ಬಲೆಯಂತೆ ಜಾಯಿಪತ್ರೆ, ಅದರೊಳಗೆ ಗಟ್ಟಿ ಚಿಪ್ಪು, ಚಿಪ್ಪಿನೊಳಗೆ ಈ ಕಾಯಿ. ಇದರ ಕಾಡು ದಾಯಾದಿಗಳು ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಬೇರನ್ನು ನೀರಿನಿಂದ ಮೇಲೆತ್ತಿ ನಿಂತಿವೆ. ರಾಂಪತ್ರೆ ಅದೇ ಕುಲದ್ದು, ಜಾಯಿಪತ್ರೆಗೆ ಕಲಬೆರಕೆಯಾಗಿ ಬರುವುದೂ ಅದೇ.

ನಾನು ಶಾಲೆಗೆ ಹೋಗುವ ಕಾಲಕ್ಕೆ ರಾತ್ರಿ ಹೊಟ್ಟೆ ಸರಿಯಿಲ್ಲದೆ ಹೊರಳಾಡಿದರೆ ಅಮ್ಮ ಈ ಕಲ್ಲಿನ ಮೇಲೆ ಎರಡು ಹನಿ ಹಾಲು ಬಿಟ್ಟು ಕಾಯಿಯನ್ನು ಎರಡು ಸುತ್ತು ತೇಯುತ್ತಿದ್ದಳು. ಈಗ ನಿಮ್ಮೆದುರು ತೇಯುತ್ತೇನೆ, ನೋಡಿ. ಒಂದು ಸುತ್ತು. ಎರಡು. ಕಲ್ಲಿನ ಮೇಲೆ ಕಂದು ಬಣ್ಣದ ಒಂದು ಗೆರೆ ಮೂಡಿತು, ಅಷ್ಟೇ. ಬೆರಳಿನಲ್ಲಿ ಬಳಿದರೆ ಉಗುರಿನ ತುದಿಗೆ ಹತ್ತುವಷ್ಟು. ಇದನ್ನು ತೂಗಲು ಅಂಗಡಿಯ ತಕ್ಕಡಿ ಸಾಲದು, ಅಕ್ಕಸಾಲಿಗರದ್ದು ಬೇಕು. ಮೂರನೆಯ ಸುತ್ತು ತೇಯಲೇ ಎಂದು ಚಿಕ್ಕಮ್ಮ ಕೇಳಿದರೆ ಅಮ್ಮ ಕಣ್ಣಿನಲ್ಲೇ ಬೇಡವೆನ್ನುತ್ತಿದ್ದಳು. ಆಗ ಅದು ಮಡಿಯಂಥ ಏನೋ ಒಂದು ನೇಮ ಎಂದುಕೊಂಡಿದ್ದೆ. ಬಹಳ ವರ್ಷದ ಮೇಲೆ ತಿಳಿಯಿತು, ಅಮ್ಮ ಪ್ರಮಾಣ ನಿಗದಿ ಮಾಡುತ್ತಿದ್ದಳು.

ತಿಳಿದದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತು, ಉತ್ತರಪತ್ರಿಕೆಗಳ ರಾಶಿ ತಲೆಯ ಮೇಲೆ, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಬಾಡಿಗೆ ಕೋಣೆಗೆ ಸಾಣೆಕಲ್ಲು ಎಲ್ಲಿಂದ ಬರಬೇಕು? ಜಾಯಿಕಾಯಿ ಪುಡಿಯ ಪೊಟ್ಟಣ ತಂದು ರಾತ್ರಿ ಒಂಬತ್ತಕ್ಕೆ ಒಂದು ಚಮಚ ಹಾಲಿಗೆ ಕದಡಿ ಕುಡಿದೆ. ಹತ್ತಾದರೂ ಏನೂ ಆಗಲಿಲ್ಲ. ಇನ್ನೊಂದು ಚಮಚ ಕುಡಿದೆ. ಆದದ್ದೆಲ್ಲ ನಡುರಾತ್ರಿಯ ಮೇಲೆ. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತು, ಎದೆ ಡವಗುಟ್ಟಿತು, ಎದ್ದರೆ ನೆಲ ನನ್ನ ಕಾಲಿನದ್ದಲ್ಲ ಎನ್ನಿಸಿತು. ಮರುದಿನ ಸಂಜೆಯವರೆಗೂ ತಲೆ ಭಾರ. ಔಷಧದ ಗುಣ ಕಲಿಸುವ ಮೇಷ್ಟರಿಗೆ ಈ ಗತಿ! ಜಾಯಿಕಾಯಿಯ ಎಣ್ಣೆಯಲ್ಲಿ ಮಿರಿಸ್ಟಿಸಿನ್ ಎಂಬ ವಸ್ತುವಿದೆ. ಸಾಂಬಾರಿಗೆ ಹಾಕುವ ಚಿಟಿಕೆಯಲ್ಲಿ ಅದು ಪರಿಮಳ. ಐದು ಗ್ರಾಂ ದಾಟಿದರೆ, ಅಂದರೆ ಸುಮಾರು ಒಂದು ಇಡೀ ಕಾಯಿಯಷ್ಟಾದರೆ, ವಿಷ. ಪರಿಣಾಮ ಶುರುವಾಗಲು ಕೆಲವು ತಾಸು ಬೇಕಾಗುವುದರಿಂದ ನನ್ನಂಥವರು ‘ಹತ್ತಲಿಲ್ಲ’ ಎಂದು ಮತ್ತೆ ತಿನ್ನುತ್ತಾರೆ. ಕಾಯಿ ಅದೇ. ಕಲ್ಲು ಹೋಗಿ ಚಮಚ ಬಂತು, ಅದರೊಡನೆ ಅಳತೆಯೂ ಹೋಯಿತು.

ಈ ಅಳತೆಯ ಮಾತನ್ನು ಹಿಡಿದುಕೊಂಡೇ ಮುಂದಿನ ಸಾಮಾನುಗಳಿಗೆ ಹೋಗೋಣ.

ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಮಲಗಿದವರನ್ನು ಎಬ್ಬಿಸುವುದು ಕಷ್ಟ ಎಂದು ನಾವೆಲ್ಲ ನಂಬಿದ್ದೇವೆ. ಗಿಡದ ಸಸ್ಯಶಾಸ್ತ್ರೀಯ ಹೆಸರೇ ಪಪಾವರ್ ಸೋಮ್ನಿಫೆರಂ, ನಿದ್ದೆ ತರುವ ಗಸಗಸೆ ಎಂದರ್ಥ. ಅಫೀಮಿನ ಗಿಡವೂ ಇದೇ. ಆದರೆ ಅಫೀಮು ಇರುವುದು ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಒಳಗಿನ ಬೀಜದಲ್ಲಿ ಆ ಹಾಲು ಇಲ್ಲ. ಒಕ್ಕುವಾಗ ಬೀಜದ ಮೈಗೆ ಅಂಟಿದ ಲೇಶ ಉಳಿದಿರಬಹುದು, ತೊಳೆದು ಹುರಿದರೆ ಅದರಲ್ಲೂ ಬಹುಪಾಲು ಹೋಗುತ್ತದೆ. ಹಾಗಾದರೆ ಪಾಯಸದ ನಿದ್ದೆ? ಎರಡು ಹೋಳಿಗೆ, ಚಿತ್ರಾನ್ನ, ಕೋಸಂಬರಿಗಳ ಮೇಲೆ ತೆಂಗಿನ ಹಾಲು, ಬೆಲ್ಲದ ಒಂದು ದೊಡ್ಡ ಲೋಟ ಇಳಿಸಿ, ಹಬ್ಬದ ದಿನ ಬೇರೆ ಕೆಲಸವಿಲ್ಲದೆ, ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡರೆ ಗಸಗಸೆಯ ಬದಲು ರವೆ ಇದ್ದರೂ ನಿದ್ದೆ ಬರುತ್ತದೆ.

ಇಲ್ಲೊಂದು ಉಪಕಥೆ, ವಿಮಾನ ಹತ್ತುವವರಿಗೆ. ದುಬೈಯಲ್ಲಿರುವ ಮಗನ ಮನೆಗೆ ಹೋಗುವಾಗ ಚೀಲದಲ್ಲಿ ಗಸಗಸೆ ಇಡಬೇಡಿ. ನಮ್ಮಲ್ಲಿ ಕಿರಾಣಿ ಅಂಗಡಿಯ ಸಾಮಾನು, ಯುನೈಟೆಡ್ ಅರಬ್ ಎಮಿರೇಟ್ಸ್‌ನಲ್ಲಿ ನಿಷಿದ್ಧ ವಸ್ತು. ಗಿಡ ಬೆಳೆಯುವುದಕ್ಕೆ ನಮ್ಮ ದೇಶದಲ್ಲೂ ಸರ್ಕಾರದ ಪರವಾನಗಿ ಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವು ಭಾಗಗಳಲ್ಲಿ ರೈತರು ಹಾಗೆ ಬೆಳೆಯುತ್ತಾರೆ.

ಈಗ ಮೇಜಿನ ಮೇಲೆ ಇಲ್ಲದ ಒಂದು ಬೇರಿನ ಕಥೆ. ಬೇಕೆಂದೇ ತಂದಿಲ್ಲ. ಅದು ಸರ್ಪಗಂಧ, ನಮ್ಮ ಕಾಡಿನಲ್ಲಿ ಸೂತ್ರನಾಭಿ ಎಂದು ಕರೆಯುವವರೂ ಇದ್ದಾರೆ. ಬಿಹಾರದ ಹಳ್ಳಿಗಳಲ್ಲಿ ಇದು ಹುಚ್ಚಿನ ಮದ್ದೆಂದೇ ಪ್ರಸಿದ್ಧವಾಗಿತ್ತು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬಿಬ್ಬರು 1931ರಲ್ಲಿ ಇದರ ಬಗ್ಗೆ ಬರೆದರು: ಉದ್ರಿಕ್ತ ರೋಗಿಗಳು ಶಾಂತರಾಗುತ್ತಾರೆ, ರಕ್ತದೊತ್ತಡವೂ ಇಳಿಯುತ್ತದೆ ಎಂದು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕೆಲವು ವರ್ಷ ಅದು ಮನೋರೋಗದ ಆಸ್ಪತ್ರೆಗಳಲ್ಲೂ ರಕ್ತದೊತ್ತಡದ ಚಿಕಿತ್ಸೆಯಲ್ಲೂ ಮೆರೆಯಿತು. ಆಮೇಲೆ ದೂರುಗಳು ಬರತೊಡಗಿದವು. ಕಟ್ಟಿದ ಮೂಗು, ತೀರಾ ಇಳಿದ ರಕ್ತದೊತ್ತಡ, ಎಲ್ಲಕ್ಕಿಂತ ಹೆಚ್ಚಾಗಿ ಕವಿಯುವ ಖಿನ್ನತೆ. ಸುರಕ್ಷಿತ ಔಷಧಗಳು ಬಂದಂತೆ ಇದು ಹಿಂದೆ ಸರಿಯಿತು.

ಈ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಗಿಡಮೂಲಿಕೆ ಮೆದು, ಇಂಗ್ಲಿಷ್ ಔಷಧ ಕಟು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ನಿದ್ದೆ ತರುವ ಒಂದು ಬೇರು ನಿಜವಾಗಿ ಕೆಲಸ ಮಾಡಿದರೆ ಅದು ಮದ್ದು. ಮದ್ದಾದ ಮೇಲೆ ಅದಕ್ಕೂ ಪ್ರಮಾಣ, ಅಡ್ಡ ಪರಿಣಾಮ, ಬೇಡವಾದವರ ಪಟ್ಟಿ ಎಲ್ಲ ಇರಲೇಬೇಕು. ಯಾರಿಗೂ ಏನೂ ತೊಂದರೆ ಮಾಡದ, ಎಲ್ಲರಿಗೂ ನಿದ್ದೆ ಕೊಡುವ ಬೇರು ಇದೆ ಎಂದು ಯಾರಾದರೂ ಹೇಳಿದರೆ, ಅದು ಏನೂ ಕೆಲಸ ಮಾಡದ ಬೇರೆಂದು ತಿಳಿಯುವುದು ಲೇಸು.

ಅಶ್ವಗಂಧ ಇವೆರಡರ ನಡುವೆ ನಿಲ್ಲುತ್ತದೆ. ಇದನ್ನು ಕೈಗೆ ಕೈ ದಾಟಿಸಿ, ಮುರಿದು ಮೂಸಿ ನೋಡಿ. ಹಸಿ ಬೇರಾಗಿದ್ದರೆ ಕುದುರೆ ಲಾಯದ ನೆನಪಾಗುತ್ತಿತ್ತು, ಹೆಸರು ಬಂದದ್ದೇ ಹಾಗೆ; ಒಣಗಿದ ಮೇಲೆ ಆ ವಾಸನೆ ತಗ್ಗುತ್ತದೆ. ಕನ್ನಡದಲ್ಲಿ ಹಿರೇಮದ್ದಿನ ಗಿಡ. ಲ್ಯಾಟಿನ್ ಹೆಸರಿನಲ್ಲಿ ಇಲ್ಲೂ ಸೋಮ್ನಿಫೆರಾ ಇದೆ. ನೀಮಚ್, ಮಂದಸೌರ್ ಕಡೆಯಿಂದ ಲೋಡುಗಟ್ಟಲೆ ಬರುವ ಈ ಬೇರಿನ ಪುಡಿ, ಮಾತ್ರೆ, ಕ್ಯಾಪ್ಸೂಲ್ ಇಲ್ಲದ ಔಷಧದಂಗಡಿ ಈಗ ಇಲ್ಲ.

ಇದಕ್ಕೆ ಪುರಾವೆ ಇದೆಯೇ? ಸ್ವಲ್ಪ ಇದೆ. ನಿದ್ದೆಯ ಮೇಲೆ ನಡೆದ ಐದು ಪ್ರಯೋಗಗಳನ್ನು, ಒಟ್ಟು 400 ಜನರ ಫಲಿತಾಂಶವನ್ನು, 2021ರಲ್ಲಿ ಒಟ್ಟುಗೂಡಿಸಿ ನೋಡಿದರು. ಲಾಭ ಕಂಡಿತು, ಆದರೆ ಸಣ್ಣದು. ದಿನಕ್ಕೆ 600 ಮಿಲಿಗ್ರಾಂ ಸಾರವನ್ನು ಎಂಟು ವಾರವಾದರೂ ತೆಗೆದುಕೊಂಡವರಲ್ಲಿ, ಅದರಲ್ಲೂ ನಿದ್ರಾಹೀನತೆ ಇದ್ದವರಲ್ಲಿ, ಹೆಚ್ಚು ಕಂಡಿತು. ಹಾಗಾಗಿ ಇವತ್ತು ರಾತ್ರಿ ನುಂಗಿ ಇವತ್ತೇ ನಿದ್ದೆ ಬಂತೆಂದರೆ ಆ ಶ್ರೇಯಸ್ಸು ಬೇರಿಗೆ ಸಲ್ಲುವುದು ಅನುಮಾನ. ಪ್ರಯೋಗಗಳಲ್ಲಿ ಬರಿಯ ಹಿಟ್ಟಿನ ಮಾತ್ರೆ ನುಂಗಿದವರ ನಿದ್ದೆಯೂ ಒಂದಿಷ್ಟು ಸುಧಾರಿಸುವುದುಂಟು.

ಒಂದು ಸ್ವಾರಸ್ಯ ಕೇಳಿ. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದವರು 2017ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ, ನಿದ್ದೆ ತರಿಸುವ ವಸ್ತು ಗಿಡದ ಎಲೆಯಲ್ಲಿರುವ ಟ್ರೈಎಥಿಲೀನ್ ಗ್ಲೈಕಾಲ್ ಎಂದು ಕಂಡರು. ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಶೇಕಡಾವಾರು ಹಾಕುತ್ತಾರಲ್ಲ, ವಿತನೊಲೈಡ್ ಎಂಬ ಆ ವಸ್ತುವಿನಿಂದ ಇಲಿಗಳಿಗೆ ನಿದ್ದೆ ಬರಲಿಲ್ಲ. ನಮ್ಮ ಆಯುಷ್ ಸಚಿವಾಲಯವಾದರೋ 2021ರಲ್ಲಿ ತಯಾರಕರಿಗೆ ಎಲೆ ಬಳಸಬೇಡಿ, ಪರಂಪರೆಯಲ್ಲಿ ಬಳಕೆಯಲ್ಲಿರುವುದು ಬೇರು ಎಂದು ಸೂಚಿಸಿತು. ಇಲಿ ಎಲೆಯನ್ನು ಮೆಚ್ಚಿತು, ಗ್ರಂಥ ಬೇರನ್ನು ಮೆಚ್ಚಿತು, ಅಂಗಡಿ ಡಬ್ಬಿಯನ್ನು ಮೆಚ್ಚಿತು.

ಎಚ್ಚರಿಕೆ ಯಾರಿಗೆ? ಬಸುರಿಯರಿಗೆ ಬೇಡವೇ ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಮುಟ್ಟಬಾರದು, ಬೇರು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ನಿದ್ದೆಯ ಮಾತ್ರೆಗಳ ಜೊತೆ ಸೇರಿ ಪರಿಣಾಮ ಹೆಚ್ಚಾಗಬಹುದು. ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಅಪರೂಪವಾದರೂ ಹಲವು ದೇಶಗಳಿಂದ ವರದಿಯಾಗಿವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿಯೇ ಬಿಟ್ಟಿತು. ಅದು ಅತಿಯಾಯಿತೆಂದು ನನ್ನ ಅನಿಸಿಕೆ. ಆದರೆ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಡಬ್ಬಿ ಮುಚ್ಚಿಟ್ಟು ಆಸ್ಪತ್ರೆಗೆ ಹೋಗಿ.

ಒಂದೆಲಗವನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಬಾಡುತ್ತಿದೆ. ಬ್ರಾಹ್ಮಿ ಎಂಬ ಹೆಸರನ್ನು ಇದಕ್ಕೂ ಹೇಳುತ್ತಾರೆ, ನೀರುಬ್ರಾಹ್ಮಿಗೂ ಹೇಳುತ್ತಾರೆ. ಗಿಡಗಳು ಬೇರೆ, ಕುಟುಂಬಗಳೂ ಬೇರೆ. ಡಬ್ಬಿ ಕೊಳ್ಳುವಾಗ ಯಾವುದೆಂದು ಓದಿ. ತಂಬುಳಿ ಮಾಡಿ ಉಂಡರೆ ಊಟ ಹಿತವಾಗುತ್ತದೆ. ನಿದ್ದೆಯ ಮಾತ್ರೆಯ ಕೆಲಸವನ್ನು ತಂಬುಳಿಯಿಂದ ಕೇಳಬೇಡಿ. ಹಿಮಾಲಯದ ಜಟಾಮಾಂಸಿಗೆ ಹೆಸರು ದೊಡ್ಡದು, ಆದರೆ ಕಿತ್ತು ಕಿತ್ತು ಗಿಡವೇ ಅಳಿವಿನ ಅಂಚಿಗೆ ಬಂದಿದೆ. ನನ್ನ ನಿದ್ದೆಗಾಗಿ ಅದರ ಕೊನೆಯ ಬೇರು ಕೀಳಿಸುವ ಮನಸ್ಸಿಲ್ಲ. ಯುರೋಪಿನಲ್ಲಿ ಅದರ ನೆಂಟ ವಲೇರಿಯನ್ ಬಹಳ ಜನಪ್ರಿಯ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಮಾತ್ರ 2017ರ ಮಾರ್ಗಸೂಚಿಯಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ವಲೇರಿಯನ್ ಬೇಡ, ಮೆಲಟೋನಿನ್ ಕೂಡ ಬೇಡ ಎಂದಿತು.

ಮೆಲಟೋನಿನ್ ಎಂದೊಡನೆ ಈ ಬಣ್ಣದ ಡಬ್ಬಿ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಏರನ್ ಲರ್ನರ್ ದನಗಳ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿಯಿಂದ ಇದನ್ನು ಬೇರ್ಪಡಿಸಿದರು. ನಮ್ಮ ತಲೆಯೊಳಗೂ ಕತ್ತಲಾದ ಮೇಲೆ ಸ್ರವಿಸುತ್ತದೆ. ಹಳ್ಳಿಯಲ್ಲಿ ಡಂಗುರ ಸಾರುವವನ ಹಾಗೆ ‘ಕತ್ತಲಾಯಿತು’ ಎಂದು ಮೈಗೆಲ್ಲ ಸಾರುವುದು ಇದರ ಕೆಲಸ, ಎಳೆದು ಮಲಗಿಸುವುದಲ್ಲ. ಅದಕ್ಕೇ ಅಮೆರಿಕದಿಂದ ಬಂದಿಳಿದು ಹಗಲು ರಾತ್ರಿ ಅದಲುಬದಲಾದವರಿಗೆ ಇದು ಉಪಯೋಗಕ್ಕೆ ಬರುತ್ತದೆ, ಸಾಲದ ಕಂತು ನೆನೆದು ಎದ್ದು ಕೂತವನಿಗೆ ಅಷ್ಟಾಗಿ ಬರುವುದಿಲ್ಲ. ಅಳತೆಯ ಮಾತಿಗೆ ಬಂದರೆ, ಅಮೆರಿಕದಲ್ಲಿ ಮಾರುವ ಇಂಥ 25 ಬಗೆಯ ಮಿಠಾಯಿ ಗುಳಿಗೆಗಳನ್ನು 2023ರಲ್ಲಿ ಪರೀಕ್ಷಿಸಿದಾಗ 22ರಲ್ಲಿ ಚೀಟಿಯ ಅಂಕಿಗೂ ಒಳಗಿನ ಸರಕಿಗೂ ತಾಳೆಯಾಗಲಿಲ್ಲ. ಒಂದರಲ್ಲಿ ಬರೆದದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು, ಇನ್ನೊಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಯಂತ್ರದಲ್ಲಿ ಅಚ್ಚೊತ್ತಿದ ಗುಳಿಗೆಗಿಂತ ಅಮ್ಮನ ಎರಡು ಸುತ್ತೇ ನಂಬಿಕೆಗೆ ಅರ್ಹ ಎಂದು ಮಗಳಿಗೆ ಹೇಳಿದೆ. ಅವಳು ಮುನಿಸಿಕೊಂಡಳು.

ಇನ್ನು ಹಳೆಯ ಗ್ರಂಥಕ್ಕೆ ಬರುತ್ತೇನೆ. ‘ಆಯುರ್ವೇದದಲ್ಲಿ ನಿದ್ದೆಗೆ ಏನು ಹೇಳಿದೆ’ ಎಂದು ಕೇಳುವವರು ಯಾವುದಾದರೂ ಬೇರಿನ ಹೆಸರನ್ನು ನಿರೀಕ್ಷಿಸುತ್ತಾರೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ, ನಿದ್ದೆ ಕೆಟ್ಟವರಿಗೆ ಬೇಗ ನಿದ್ದೆ ತರುವ ಸಂಗತಿಗಳದ್ದೇ ಒಂದು ಪಟ್ಟಿಯಿದೆ. ಕೇಳಿ: ಮೈಗೆ ಎಣ್ಣೆ, ಮೈ ತಿಕ್ಕುವುದು, ಸ್ನಾನ, ಮಾಂಸದ ರಸ, ಮೊಸರು ಕಲಸಿದ ಅನ್ನ, ಹಾಲು, ತುಪ್ಪ, ಮದ್ಯ, ಮನಸ್ಸಿನ ಸುಖ, ಹಿತವಾದ ವಾಸನೆ, ಹಿತವಾದ ಸದ್ದು, ಮೈ ಕೈ ಒತ್ತುವುದು, ಕಣ್ಣಿಗೆ ತಂಪು, ತಲೆಗೂ ಮುಖಕ್ಕೂ ಲೇಪ, ಚೆನ್ನಾಗಿ ಹಾಸಿದ ಹಾಸಿಗೆ, ಸುಖವಾದ ಮನೆ, ತಕ್ಕ ಹೊತ್ತು. ಈ ಪಟ್ಟಿಯಲ್ಲಿ ಅಶ್ವಗಂಧ ಇಲ್ಲ, ಜಟಾಮಾಂಸಿ ಇಲ್ಲ. ಮೊಸರನ್ನ ಇದೆ! ಇನ್ನೊಂದೆಡೆ ಎಮ್ಮೆಯ ಹಾಲು ನಿದ್ದೆ ಬಾರದವರಿಗೆ ಹಿತವೆಂದೂ ಇದೆ. ಒಟ್ಟಿನಲ್ಲಿ ಇದು ಒಂದು ಸಂಜೆಯ ವರ್ಣನೆ. ಡಬ್ಬಿಯಲ್ಲಿ ತುಂಬಿ ಮಾರಲು ಬರುವಂಥದ್ದು ಇದರಲ್ಲಿ ಕಡಿಮೆ, ಆದ್ದರಿಂದಲೇ ಜಾಹೀರಾತುಗಳಲ್ಲಿ ಈ ಪಟ್ಟಿ ಕಾಣುವುದಿಲ್ಲವೋ ಏನೋ.

ಪಟ್ಟಿಯನ್ನು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಮದ್ಯವನ್ನು ನಾನು ಹೊಡೆದುಹಾಕುತ್ತೇನೆ; ಅದು ಬೇಗ ಮಲಗಿಸಿ, ರಾತ್ರಿಯ ಉತ್ತರಾರ್ಧವನ್ನು ಚೂರು ಚೂರು ಮಾಡುತ್ತದೆ. ಸ್ನಾನಕ್ಕಾದರೋ ಇಂದಿನ ಕಾಲದ ಸಾಕ್ಷಿ ಸಿಕ್ಕಿದೆ. ಮಲಗುವ ಒಂದೆರಡು ತಾಸು ಮೊದಲು 40ರಿಂದ 42.5 ಡಿಗ್ರಿಯ ಬಿಸಿನೀರಿನಲ್ಲಿ ಮೀಯುವುದು, ಕಾಲು ತೊಳೆಯುವುದು ಇವುಗಳ ಬಗೆಗಿನ ಅಧ್ಯಯನಗಳನ್ನು 2019ರಲ್ಲಿ ಟೆಕ್ಸಾಸ್‌ನ ಸಂಶೋಧಕರು ಕಲೆಹಾಕಿದರು. ನಿದ್ದೆ ಹತ್ತಲು ಬೇಕಾದ ಹೊತ್ತು ಸರಾಸರಿ ಹತ್ತು ನಿಮಿಷದಷ್ಟು ಇಳಿದಿತ್ತು. ಕಾರಣವೂ ಚೆನ್ನಾಗಿದೆ. ನಿದ್ದೆ ಬರಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಬಿಸಿನೀರು ತಾಗಿದಾಗ ಅಂಗೈ ಅಂಗಾಲುಗಳ ರಕ್ತನಾಳ ಹಿಗ್ಗಿ ಆ ಬಿಸಿ ಹೊರಬೀಳುತ್ತದೆ. ಅಜ್ಜಿ ಮಲಗುವ ಮುಂಚೆ ಬಚ್ಚಲ ಹಂಡೆಯ ಉಳಿದ ಬಿಸಿನೀರಿನಲ್ಲಿ ಕಾಲು ತೊಳೆದು, ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅದಕ್ಕೆ ಯಾವ ಡಬ್ಬಿಯೂ ಬೇಕಿರಲಿಲ್ಲ.

‘ಮನಸ್ಸಿನ ಸುಖ’ ಎಂಬುದು ಪಟ್ಟಿಯ ಅತಿ ದುಬಾರಿ ವಸ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಾವು ಹೇಳುತ್ತೇವೆ, ಚಿಂತೆ ಇದ್ದವನು ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ. ಅಮೆರಿಕದ ವೈದ್ಯರ ಸಂಘವಾದ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಒಂದು ಅಭ್ಯಾಸ ಚಿಕಿತ್ಸೆಯನ್ನು ಕೊಡಬೇಕೆಂದಿತು. ಅದರ ತಿರುಳು ಮನೆಯಲ್ಲೇ ಮಾಡಬಹುದಾದದ್ದು. ನಿದ್ದೆ ತೂಗಿದಾಗಲೇ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷದಷ್ಟು ಹೊರಳಾಡಿಯೂ ಬಾರದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕೂತು, ನಿದ್ದೆ ಬಂದ ಮೇಲೆ ಮರಳಿ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಮೊದಲ ವಾರ ಇದು ಶಿಕ್ಷೆ, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಎರಡು ತಾಸಿನ ನಿದ್ದೆಯನ್ನೂ ಬಿಡಬೇಕು ಎಂದಾಗ ಹಿಂದಿನ ಸಾಲಿನಲ್ಲಿ ಇಬ್ಬರು ಮುಖ ತಿರುಗಿಸಿದ್ದು ಕಾಣಿಸಿತು.

ಕಾಫಿ? ಬಂತು ನೋಡಿ ಪ್ರಶ್ನೆ. ಮಲಗುವ ಆರು ತಾಸು ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ತಾಸಿಗೂ ಹೆಚ್ಚು ಕಡಿಮೆಯಾದದ್ದನ್ನು 2013ರ ಒಂದು ಅಧ್ಯಯನ ತೋರಿಸಿತು. ನಮ್ಮ ಒಂದು ಲೋಟಕ್ಕಿಂತ ಅದು ಬಹಳ ಹೆಚ್ಚು, ನಿಜ. ಆದರೆ ಸಂಜೆ ಆರಕ್ಕೆ ಗಟ್ಟಿ ಡಿಕಾಕ್ಷನ್ ಹೀರಿ, ಹತ್ತಕ್ಕೆ ಅಶ್ವಗಂಧ ನುಂಗುವುದು ಒಂದೇ ಗಾಡಿಗೆ ಎರಡೂ ಕಡೆ ಎತ್ತು ಕಟ್ಟಿದಂತೆ.

ಮೊದಲ ಸಾಲಿನ ತಾಯಿಯೊಬ್ಬರು ಕೇಳಿದರು: “ಮೊಮ್ಮಗುವಿಗೆ ನಾಲ್ಕು ತಿಂಗಳು, ರಾತ್ರಿಯೆಲ್ಲ ಅಳುತ್ತದೆ. ನೀವು ಹೇಳಿದ ಹಾಗೆ ಒಂದೇ ಸುತ್ತು ತೇಯ್ದು ನೆಕ್ಕಿಸಬಹುದೇ?” ಬೇಡ ಅಮ್ಮ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ನಾನೂ ಹೇಳುತ್ತೇನೆ. ನಮ್ಮ ಅಮ್ಮ ಕೊಟ್ಟದ್ದು ಓಡಾಡುವ ಹುಡುಗನಿಗೆ. ಎಳೆಗೂಸಿನ ಮೈಗೆ ಒಂದು ಸುತ್ತೂ ದೊಡ್ಡ ಅಳತೆ, ಜೊತೆಗೆ ಕಲ್ಲಿನ ಕೊಳೆ ಬೇರೆ. ರಾತ್ರಿ ಎದ್ದು ಅಳುವುದು ಆ ವಯಸ್ಸಿನ ಧರ್ಮ. ಅಳು ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಗಂಡನ ಗೊರಕೆಗೆ ಯಾವ ಬೇರು ಎಂದು ಇನ್ನೊಬ್ಬರು ಕೇಳಿದಾಗ ಸಭೆ ನಕ್ಕಿತು, ನಾನು ನಗಲಿಲ್ಲ. ಗೊರಕೆ ನಡುವೆ ಉಸಿರು ತಟ್ಟನೆ ನಿಂತು, ಮತ್ತೆ ಉಬ್ಬಸದೊಡನೆ ಶುರುವಾಗುವುದಾದರೆ ಅದು ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ. ಮಂಪರು ತರುವ ಯಾವುದನ್ನೇ ಕೊಟ್ಟರೂ ಅದು ಹೆಚ್ಚಬಹುದು. ಹಗಲು ಕೂತಲ್ಲೇ ತೂಕಡಿಸುತ್ತಾರೆಯೇ ಎಂದು ಕೇಳಿದೆ. “ಈಗಲೂ ತೂಕಡಿಸುತ್ತಿದ್ದಾರೆ” ಎಂದು ಪಕ್ಕಕ್ಕೆ ಕೈ ತೋರಿಸಿದರು.

ಎಲ್ಲರೂ ಎದ್ದ ಮೇಲೆ ಹಿರಿಯರೊಬ್ಬರು ಮಾತ್ರೆಯ ಪೆಟ್ಟಿಗೆ ಹಿಡಿದು ಬಂದರು. ಎರಡು ತಿಂಗಳಿಂದ ಅಶ್ವಗಂಧ ತೆಗೆದುಕೊಳ್ಳುತ್ತಿದ್ದೇನೆ, ರಾತ್ರಿ ಮೂರು ಸಲ ಎಚ್ಚರವಾಗುವುದು ನಿಂತಿಲ್ಲ, ಪ್ರಮಾಣ ಹೆಚ್ಚಿಸಲೇ ಎಂದರು. ಮಲಗಿದೊಡನೆ ನಿದ್ದೆ ಬರುತ್ತದೆಯೇ? ಬರುತ್ತದೆ. ಎಚ್ಚರವಾದಾಗ ಏನು ಮಾಡುತ್ತೀರಿ? ಬಚ್ಚಲಿಗೆ ಹೋಗಿ ಬಂದು ಮಲಗುತ್ತೇನೆ. ಪೆಟ್ಟಿಗೆ ತೆರೆದು ನೋಡಿದೆ. ರಕ್ತದೊತ್ತಡಕ್ಕೆಂದು ಕೊಟ್ಟ, ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ ರಾತ್ರಿಯ ಖಾನೆಯಲ್ಲಿತ್ತು. ಇದನ್ನು ರಾತ್ರಿಯೇ ತೆಗೆದುಕೊಳ್ಳಿ ಎಂದು ವೈದ್ಯರು ಹೇಳಿದ್ದರೇ? ಇಲ್ಲ, ಬೆಳಗಿನ ಖಾನೆಯಲ್ಲಿ ಜಾಗ ಇರಲಿಲ್ಲ ಎಂದರು. ಬೆಳಗಿನ ಖಾನೆಯಲ್ಲಿ ಏನಿದೆ ಎಂದು ನೋಡಿದರೆ ಅಶ್ವಗಂಧದ ಎರಡು ದಪ್ಪ ಕ್ಯಾಪ್ಸೂಲುಗಳು. ಸೋಮವಾರ ಹೇಗೂ ವೈದ್ಯರ ಬಳಿ ಹೋಗುವುದಿದೆ, ಎರಡನ್ನೂ ಕೇಳಿಯೇ ಬರುತ್ತೇನೆ ಎಂದು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹಿಡಿಯಲು ಹೊರಟರು.